ನಿಂಬೆಹಣ್ಣು ಮತ್ತು ನೆಲದ ಫರಸಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಕಳೆದ ವಾರ ಇಬ್ಬರು ತಾಯಂದಿರು ಕಚೇರಿಗೆ ಬಂದು, ಏಳನೆಯ ತರಗತಿಯ ಮಕ್ಕಳು ಮನೆಯ ನೆಲಕ್ಕೆ ನಿಂಬೆರಸ ಹಿಂಡಿ ಕಲೆ ಮಾಡಿದ್ದಾರೆಂದು ದೂರಿದರು. ತಪ್ಪು ನನ್ನದು. ಪ್ರಯೋಗ ಹೇಳಿಕೊಟ್ಟವನು ನಾನು, ಎಲ್ಲಿ ಮಾಡಬಾರದು ಎಂಬುದನ್ನು ಹೇಳಲು ಮರೆತವನೂ ನಾನೇ.

ನಮ್ಮ ಕಡೆಯ ಮನೆಗಳಲ್ಲಿ ಹಾಸಿರುವ ಶಹಾಬಾದ್ ಫರಸಿ ಸುಣ್ಣದ ಕಲ್ಲು. ಅದರಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಮೇಲ್ಮೈ ಕರಗಿ, ಇಂಗಾಲದ ಡೈಆಕ್ಸೈಡ್ ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಹೊಳಪು ಹೋದ ಜಾಗ ಮಾಸಲು ಬಿಳಿಯಾಗಿ ಉಳಿಯುತ್ತದೆ. ಅದು ಕೊಳೆಯಲ್ಲ, ಸವೆತ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದು. ಹುಣಸೆಹಣ್ಣಿನ ರಸದ್ದೂ ಅದೇ ಕೆಲಸ. ಬಚ್ಚಲು ತೊಳೆಯುವ ಆಸಿಡ್ ಇನ್ನೂ ಜೋರು, ಆ ಬಾಟಲಿಯನ್ನು ಮಾತ್ರ ಮಕ್ಕಳ ಕೈಗೆ ಸಿಗದಂತೆ ಇಡಿ.

ಹಾಗೆಂದು ಪ್ರಯೋಗ ನಿಲ್ಲಿಸಬೇಡಿ. ಹಿತ್ತಲಲ್ಲಿ ಬಿದ್ದಿರುವ ಫರಸಿಯ ಚೂರೊಂದನ್ನು ಕೊಡಿ. ಮೊಳೆಯಿಂದ ಗೀರಿದರೆ ಬಿಳಿ ಪುಡಿ ಉದುರುತ್ತದೆ. ರಸವನ್ನು ಆ ಪುಡಿಯ ಮೇಲೆಯೇ ಬಿಡಬೇಕು. ಗಟ್ಟಿ ಕಲ್ಲಿನ ಮೇಲೆ ಬಿಟ್ಟರೆ ಗುಳ್ಳೆ ಕಣ್ಣಿಗೆ ಬೀಳದೆಯೂ ಹೋಗಬಹುದು. ಮಕ್ಕಳು ಒರಳಿನ ಕರಿಕಲ್ಲನ್ನೂ ಇದೇ ಎಂದುಕೊಳ್ಳುತ್ತಾರೆ. ಅದು ಲಾವಾ ಆರಿ ಆದ ಬಸಾಲ್ಟ್. ಹುಳಿ ಹಾಕಿದರೆ ಗುಳ್ಳೆ ಬರುವುದಿಲ್ಲ, ಮೊಳೆಗೂ ಸುಲಭಕ್ಕೆ ಮಣಿಯುವುದಿಲ್ಲ.

ಇನ್ನು ಚೂರಿನ ಅಂಚು ತೋರಿಸಿ. ಹೋಳಿಗೆ ಪೇರಿಸಿಟ್ಟಂತೆ ಪದರಗಳು ಕಾಣುತ್ತವೆ. ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಕುಳಿತು ಗಟ್ಟಿಯಾದ ಗುರುತು ಅದು. ಖಣಿಯಲ್ಲಿ ಹಾರೆ ಹಾಕಿದರೆ ಕಲ್ಲು ಚಪ್ಪಡಿಯಾಗಿ ಏಳುವುದೂ ಈ ಪದರಗಳಿಂದಲೇ. ಸಮುದ್ರ ಎಂದದ್ದೇ ತಡ, ಕೆಲವರು ಶಂಖ, ಚಿಪ್ಪು ಹುಡುಕತೊಡಗಿದ್ದಾರೆ. ಸಿಗುವುದಿಲ್ಲ. ಭೀಮಾ ಸೀಮೆಯ ಈ ಕಲ್ಲು 54 ಕೋಟಿ ವರ್ಷಗಳಿಗಿಂತ ಹಳೆಯದು, ಆಗ ಶಂಖ ಕಟ್ಟುವ ಪ್ರಾಣಿಗಳೇ ಇರಲಿಲ್ಲ. ವಾಡಿಯಲ್ಲಿ ಸಿಮೆಂಟ್ ಆಗುವುದು ಸುಣ್ಣದ ಕಲ್ಲಿನಿಂದಲೇ ಎಂಬುದನ್ನು ತಿಳಿದ ಹುಡುಗಿಯೊಬ್ಬಳು, ಅಜ್ಜಿಯ ಎಲೆಯಡಿಕೆ ಚೀಲದ ಸುಣ್ಣವೂ ಇದೇ ಜಾತಿಯದೇ ಎಂದು ಕೇಳಿದಳು. ಹೌದು, ಕಲ್ಲನ್ನು ಸುಟ್ಟು ನೀರು ಹಾಕಿದರೆ ಅದು ಸಿದ್ಧ.

ಶನಿವಾರ ಪ್ರತಿ ಮಗುವೂ ಮುಷ್ಟಿಯಷ್ಟು ದೊಡ್ಡದೊಂದು ಕಲ್ಲು ತರಲಿ. ಅದಕ್ಕಾಗಿ ನೀರು ನಿಂತ ಹಳೆಯ ಖಣಿಗಳ ಕಡೆಗೆ ಯಾರನ್ನೂ ಕಳುಹಿಸಬೇಡಿ. ಗುಡಿ, ದರ್ಗಾಗಳ ಮೆಟ್ಟಿಲ ಮೇಲೂ ಈ ಪರೀಕ್ಷೆ ಬೇಡ. ನಿಂಬೆಹಣ್ಣನ್ನು ಶಾಲೆಯಿಂದಲೇ ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ