ಬೆಂಗಳೂರಿನಲ್ಲಿ 9.78 ಬಂದರೆ ತಪ್ಪೇನು?

ಮಾನ್ಯ ಸಂಪಾದಕರೇ,

ಪಿಯುಸಿ ಓದುತ್ತಿರುವ ಮಗಳು ಮೊನ್ನೆ ರಾತ್ರಿ ಫಿಸಿಕ್ಸ್ ರೆಕಾರ್ಡ್ ಹಿಡಿದು ರಬ್ಬರಿನಲ್ಲಿ ಉಜ್ಜುತ್ತಾ ಕೂತಿದ್ದಳು. ಸಿಂಪಲ್ ಪೆಂಡುಲಮ್, ಅಂದರೆ ದಾರಕ್ಕೆ ಗುಂಡು ಕಟ್ಟಿ ತೂಗಿಬಿಡುವ ಲೋಲಕದ ಪ್ರಯೋಗ. ದಾರ ಒಂದು ಮೀಟರ್, ಇಪ್ಪತ್ತು ಸಲ ತೂಗಲು 40.18 ಸೆಕೆಂಡ್, ಅದರಿಂದ ಲೆಕ್ಕ ಹಾಕಿದ 'ಜಿ' (ಭೂಮಿಯ ಸೆಳೆತ ಎಷ್ಟೆಂದು ಹೇಳುವ ಅಂಕಿ) ಬೆಲೆ 9.78. ಕಾಲೇಜಿನಲ್ಲಿ 9.81 ಬರಲೇಬೇಕು ಅಂದಿದ್ದರಂತೆ. ಹಾಗಾಗಿ 40.18 ಅಳಿಸಿ 40.12 ಬರೆಯುತ್ತಿದ್ದಳು. ಲೆಕ್ಕ ಸರಿಹೋಯಿತು, ನೋಡಿದ್ದು ಸುಳ್ಳಾಯಿತು.

ತಮಾಷೆ ಏನೆಂದರೆ, ಬೆಂಗಳೂರಿನಲ್ಲಿ ಜಿ ಇರುವುದೇ ಸುಮಾರು 9.78. ಆ 9.81 ಪ್ಯಾರಿಸ್, ಲಂಡನ್ ಕಡೆಯ ಬೆಲೆ. ಭೂಮಿ ತಿರುಗುವುದರಿಂದ ನಡು ಉಬ್ಬಿದೆ. ಸಮಭಾಜಕದ ಹತ್ತಿರ ನಾವು ಭೂಮಿಯ ಕೇಂದ್ರದಿಂದ ದೂರ, ಜೊತೆಗೆ ತಿರುಗುವ ವೇಗವೂ ಅಲ್ಲೇ ಜಾಸ್ತಿ. ಹಾಗಾಗಿ ಅಲ್ಲಿ 9.78, ಧ್ರುವದಲ್ಲಿ 9.83. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಬೇರೆ ಇದೆ, ಅದರಿಂದಲೂ ಚೂರು ಕಡಿಮೆ.

1672ರಲ್ಲಿ ಜಾನ್ ರಿಶೇ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಹತ್ತಿರವಿರುವ ಕಯೆನ್‌ಗೆ ಹೋದ. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು; ಸೆಳೆತ ಕಡಿಮೆಯಾದರೆ ಲೋಲಕ ನಿಧಾನವಾಗಿ ತೂಗುತ್ತದೆ. ಸರಿಮಾಡಲು ಲೋಲಕವನ್ನು ಮೂರು ಮಿಲಿಮೀಟರಿನಷ್ಟು ಮೋಟು ಮಾಡಬೇಕಾಯಿತು. ಆತ ಸುಮ್ನೆ ಪ್ಯಾರಿಸ್ಸಿನ ಅಂಕಿ ಬರೆದು ಕೈತೊಳೆದುಕೊಳ್ಳಲಿಲ್ಲ. ಭೂಮಿ ಪೂರ್ತಿ ದುಂಡಗಿಲ್ಲ ಎಂದು ವಾದಿಸುವಾಗ ನ್ಯೂಟನ್‌ಗೆ ಒದಗಿಬಂದದ್ದು ಇದೇ ಮೂರು ಮಿಲಿಮೀಟರ್.

ಇದು ಬರೀ ಪುಸ್ತಕದ ಮಾತೂ ಅಲ್ಲ. ದೆಹಲಿಯಲ್ಲಿ ಹೊಂದಿಸಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೇ ಇಲ್ಲಿಗೆ ತಂದಿಟ್ಟರೆ ಒಂದು ಕಿಲೋಗೆ ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಈರುಳ್ಳಿಗೆ ಪರವಾಗಿಲ್ಲ, ಚಿನ್ನಕ್ಕೆ? ಅದಕ್ಕೇ ಅಂಥ ತಕ್ಕಡಿಯನ್ನು ಬಳಸುವ ಊರಿನಲ್ಲೇ ಮತ್ತೆ ಹೊಂದಿಸಬೇಕು. ಹಳೆಯ ಎರಡು ತಟ್ಟೆಯ ತಕ್ಕಡಿಗೆ ಈ ತಾಪತ್ರಯ ಇಲ್ಲ, ಎರಡೂ ಕಡೆ ಒಂದೇ ಸೆಳೆತ ಅಲ್ವಾ.

ಸ್ಟಾಪ್‌ವಾಚ್ ಒತ್ತುವ ಬೆರಳು ಒಂದು ಹತ್ತಾಂಶ ಸೆಕೆಂಡ್ ತಡವಾದರೂ ಉತ್ತರ 9.78 ಮತ್ತು 9.81ರ ನಡುವಿನ ಅಂತರಕ್ಕಿಂತ ಜಾಸ್ತಿ ಆಚೀಚೆ ಆಗುತ್ತದೆ, ನಿಜ. ಮಗಳಿಗೆ 9.78 ಬಂದದ್ದು ಅದೃಷ್ಟವೂ ಇರಬಹುದು. ಹಾಗಿದ್ದರೆ ಇನ್ನೂ ನಾಲ್ಕು ಸಲ ತೂಗಿ ನೋಡು ಅನ್ನಿ, ಅಳಿಸು ಅನ್ನಬೇಡಿ. ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ.

ರೆಕಾರ್ಡಿನಲ್ಲಿ ಈಗ 40.18 ಮತ್ತೆ ಬಂದಿದೆ, ಪೆನ್ನಿನಲ್ಲಿ. ಪಕ್ಕದಲ್ಲಿ 'ಸ್ಥಳ: ಬೆಂಗಳೂರು' ಅಂತಲೂ ಬರೆದಿದ್ದಾಳೆ. ಸಹಿ ಇನ್ನೂ ಬಿದ್ದಿಲ್ಲ.

ಇಂತಿ,
ಒಬ್ಬ ಪೋಷಕ, ಬೆಂಗಳೂರು