ಹೊಸತೊಡಕಿನ ಸಾರು ನಾಯಿಗೆ ಬೇಡ

ಮಾನ್ಯ ಸಂಪಾದಕರೇ,

ಯುಗಾದಿಯ ಮರುದಿನ ಹೊಸತೊಡಕು. ನಮ್ಮ ಚಿಕ್ಕಬಳ್ಳಾಪುರದ ಕಡೆ ಅಂದು ಬಹಳಷ್ಟು ಮನೆಗಳಲ್ಲಿ ಮಾಂಸದ ಸಾರು ಕುದಿಯುತ್ತದೆ. ಊಟವಾದ ಮೇಲೆ ಉಳಿದ ಮೂಳೆ, ಕೊಬ್ಬು, ಸಾರಿನಲ್ಲಿ ಕಲಸಿದ ಮುದ್ದೆ ಎಲ್ಲವೂ ನಾಯಿಯ ಪಾಲಾಗುವುದು ವಾಡಿಕೆ. ವರ್ಷವಿಡೀ ಮನೆ ಕಾಯುವ ಪ್ರಾಣಿಗೆ ಹಬ್ಬದ ಊಟ ತಪ್ಪಬಾರದೆಂದು ಹಿರಿಯರು ಅಕ್ಕರೆಯಿಂದಲೇ ಹಾಕುತ್ತಾರೆ. ಈ ಬಾರಿ ಆ ಊಟ ನಮ್ಮ ಮನೆಯ ಆರು ವರ್ಷದ ನಾಟಿ ನಾಯಿಯನ್ನು ಮೂರು ದಿನ ಮಲಗಿಸಿದ್ದರಿಂದ, ಇತರರಿಗಾದರೂ ಉಪಯೋಗವಾಗಲೆಂದು ಈ ಪತ್ರ ಬರೆಯುತ್ತಿದ್ದೇನೆ.

ರಾತ್ರಿ ಎರಡು ಸಲ ವಾಂತಿ ಮಾಡಿತು. ಬೆಳಗಾಗುವಷ್ಟರಲ್ಲಿ ನೀರಿನಂತೆ ಭೇದಿ ಶುರುವಾಗಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತಂಪು ಮಣ್ಣನ್ನು ಕೆರೆದು, ಹೊಟ್ಟೆಯನ್ನು ಅದಕ್ಕೆ ಒತ್ತಿಕೊಂಡು ಮಲಗಿದ್ದ ಅದು, ಹೆಸರು ಹಿಡಿದು ಕರೆದರೆ ಬಾಲದ ತುದಿಯನ್ನಷ್ಟೇ ಆಡಿಸಿತು. ನಮ್ಮ ಹಿತೈಷಿಗಳೊಬ್ಬರು ಮನುಷ್ಯರು ನುಂಗುವ ಭೇದಿಯ ಮಾತ್ರೆಯನ್ನೂ ನೋವಿನ ಮಾತ್ರೆಯನ್ನೂ ತಂದುಕೊಟ್ಟರು. ಕೊಡುವ ಮೊದಲು ಪಶುವೈದ್ಯರಿಗೊಂದು ಮಾತು ಕೇಳೋಣವೆಂದು ಫೋನ್ ಮಾಡಿದ್ದು ನಮ್ಮ ಪುಣ್ಯ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನೂ ಕೆಡಿಸುತ್ತವೆ, ಪ್ಯಾರಸಿಟಮಾಲ್ ಕೂಡ ಅವುಗಳಿಗೆ ವಿಷವಾಗಬಲ್ಲದು ಎಂದು ಅವರು ತಿಳಿಸಿದರು.

ದ್ರಾಕ್ಷಿ ಏನಾದರೂ ತಿಂದಿತ್ತೇ ಎಂದು ಅವರು ಮೊದಲು ಕೇಳಿದಾಗ ನನಗೆ ಆಶ್ಚರ್ಯವಾಯಿತು. ನಂದಿ ಬೆಟ್ಟದ ಸುತ್ತಲಿನ ನಮಗೆ ದ್ರಾಕ್ಷಿ ಮನೆಯ ಬೆಳೆ; ತೋಟದಲ್ಲಿ ಉದುರಿದ ಹಣ್ಣನ್ನು ನಾಯಿಗಳು ಮೆಲ್ಲುವುದನ್ನು ನೋಡಿಯೂ ಸುಮ್ಮನಿರುತ್ತೇವೆ. ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲವಾದರೂ, ಇನ್ನು ಕೆಲವಕ್ಕೆ ಸ್ವಲ್ಪವೇ ದ್ರಾಕ್ಷಿ ಅಥವಾ ಪಾಯಸದಲ್ಲಿನ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೈಕೊಡಿಸಬಲ್ಲದು. ಯಾವ ನಾಯಿಗೆ ಹಾಗಾಗುತ್ತದೆಂದು ಮೊದಲೇ ಹೇಳಲಾಗದು. ಆದ್ದರಿಂದ ದ್ರಾಕ್ಷಿ ತಿಂದದ್ದು ಗೊತ್ತಾದ ಕೂಡಲೇ, ವಾಂತಿ ಭೇದಿಗೆ ಕಾಯದೆ ವೈದ್ಯರ ಬಳಿ ಹೋಗಬೇಕು.

ನಮ್ಮ ನಾಯಿಯ ವಿಷಯದಲ್ಲಿ ಸಾರಿನ ಕೊಬ್ಬು ಮತ್ತು ಮಸಾಲೆಯೇ ಕಾರಣವೆಂದರು. ಒಮ್ಮೆಲೇ ಹೆಚ್ಚು ಕೊಬ್ಬು ತಿಂದರೆ ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಕುತ್ತು ಬರುತ್ತದೆ. ಬೆಂದ ಮೂಳೆ ಚೂಪಾಗಿ ಸೀಳುವುದರಿಂದ ಗಂಟಲಲ್ಲೋ ಕರುಳಲ್ಲೋ ಚುಚ್ಚಿಕೊಳ್ಳುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ಹಸಿಯಾಗಿದ್ದರೂ ಬೆಂದಿದ್ದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಅದೂ ತಿಂದ ಕೆಲವು ದಿನಗಳ ನಂತರ. ಹಾಗಾಗಿ ಹೊಟ್ಟೆ ಸರಿಹೋಯಿತೆಂದು ನಿಶ್ಚಿಂತರಾಗದೆ, ಒಂದು ವಾರ ಒಸಡು ಬಿಳಿಚಿಕೊಂಡಿದೆಯೇ, ಮೂತ್ರ ಕಂದು ಬಣ್ಣಕ್ಕೆ ತಿರುಗಿದೆಯೇ ಎಂದು ಗಮನಿಸಲು ಹೇಳಿದರು. ಜಂತುಹುಳುವಿಗೆ ಒಳ್ಳೆಯದೆಂದು ಬೆಳ್ಳುಳ್ಳಿ ಜಜ್ಜಿ ತಿನ್ನಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಅದನ್ನು ಬಿಡಬೇಕು.

ಮನೆಯಲ್ಲಿ ಮಾಡಬೇಕಾದ ಆರೈಕೆ ಸರಳವಾಗಿತ್ತು. ಅರ್ಧ ದಿನ ಆಹಾರ ಕೊಡದೆ, ನೀರನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕುಡಿಸಿದೆವು. ಆಮೇಲೆ ಮೆತ್ತಗೆ ಬೇಯಿಸಿದ ಅನ್ನಕ್ಕೆ, ಚರ್ಮ ಮೂಳೆ ತೆಗೆದು ಉಪ್ಪು ಎಣ್ಣೆ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಕಲಸಿ, ದಿನಕ್ಕೆ ನಾಲ್ಕು ಸಲ ಒಂದೊಂದು ಹಿಡಿಯಷ್ಟೇ ಹಾಕಿದೆವು. ಬೆಳೆದ ಅನೇಕ ನಾಯಿಗಳಿಗೆ ಹಾಲು ಜೀರ್ಣವಾಗದೆ ಭೇದಿ ಹೆಚ್ಚುವುದರಿಂದ ಹಾಲು ಕೊಡಲಿಲ್ಲ. ಕತ್ತಿನ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ತಕ್ಷಣ ಹಿಂದಕ್ಕೆ ಹೋಗದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಮೊದಲ ದಿನ ನಮ್ಮ ನಾಯಿಯ ಚರ್ಮ ಡೇರೆಯ ಹಾಗೆ ಎದ್ದು ನಿಂತೇ ಇದ್ದುದರಿಂದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯಿತು.

ಈ ಉಪವಾಸದ ಕ್ರಮ ಮರಿಗಳಿಗೆ ಸಲ್ಲದು. ಲಸಿಕೆ ಹಾಕಿಸದ ಮರಿ ವಾಂತಿ ಮಾಡುತ್ತ ರಕ್ತಭೇದಿಯಾದರೆ ಅದು ಪಾರ್ವೊ ಎಂಬ ವೈರಾಣು ರೋಗ ಇರಬಹುದು. ಗಂಟೆಗಳ ಲೆಕ್ಕದಲ್ಲಿ ಕೈಮೀರುತ್ತದೆ. ದೊಡ್ಡ ನಾಯಿಯಲ್ಲೂ ರಕ್ತ ಕಂಡರೆ, ಹೊಟ್ಟೆ ಉಬ್ಬಿದರೆ, ಕುಡಿದ ನೀರೂ ನಿಲ್ಲದಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ನ್ನು ಹಸು, ಎಮ್ಮೆ ಇರುವವರಷ್ಟೇ ಅಲ್ಲದೆ ನಾಯಿ ಸಾಕಿದವರೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಾಯಿಗೆ ಹಬ್ಬದ ಪಾಲು ತಪ್ಪಿಸಿ ಎಂದು ನಾನು ಹೇಳುತ್ತಿಲ್ಲ. ಮಸಾಲೆ ರುಬ್ಬುವ ಮೊದಲೇ ಕೊಬ್ಬಿಲ್ಲದ ನಾಲ್ಕು ಮೆತ್ತನೆಯ ತುಂಡುಗಳನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಸಾರು ಸೋಕದ ಮುದ್ದೆಯೊಂದಿಗೆ ಎತ್ತಿಟ್ಟರೆ ಸಾಕು. ಬರುವ ವರ್ಷ ಹಬ್ಬದ ವಾರದಲ್ಲಿ ತಮ್ಮ ಪತ್ರಿಕೆ ಇಷ್ಟನ್ನು ಓದುಗರಿಗೆ ನೆನಪಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ, ಚಿಕ್ಕಬಳ್ಳಾಪುರ