ಮೊದಲ 60 ಕಿಲೋಮೀಟರ್: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಹನ್ನೆರಡು ವಾರಗಳ ಅಭ್ಯಾಸಪಟ್ಟಿಯನ್ನು ಎರಡು ಬಾರಿ ಓದಿದೆ. 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟೂ ಆಗಿದೆ ಎಂದು ತಿಳಿದು ಸಂತೋಷವಾಯಿತು. ಪಟ್ಟಿಯ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಆದರೆ ಅದರ ಕೊನೆಯಲ್ಲಿ ‘ಮೊದಲ 60 ಕಿಲೋಮೀಟರ್ ಜೋರಾಗಿ ಹೊಡೆದು ಸಮಯ ಉಳಿಸಿಟ್ಟುಕೊಳ್ಳುತ್ತೇನೆ’ ಎಂದು ಬರೆದಿದ್ದೀಯಲ್ಲ, ಈ ಪತ್ರ ಮುಖ್ಯವಾಗಿ ಆ ಒಂದು ಸಾಲಿಗಾಗಿ.

ನೀನು ಲೆಕ್ಕದವಳು, ಲೆಕ್ಕದಿಂದಲೇ ಆರಂಭಿಸುತ್ತೇನೆ. 200 ಕಿಲೋಮೀಟರಿಗೆ ಕೊಡುವ ಸಮಯ 13 ಗಂಟೆ 30 ನಿಮಿಷ, ಮತ್ತು ನೀನು ನಿಂತಾಗ ಗಡಿಯಾರ ನಿಲ್ಲುವುದಿಲ್ಲ. ನಿನಗೆ ಒಗ್ಗಿದ 22 ಕಿ.ಮೀ. ವೇಗದಲ್ಲಿ ಆ 60 ಕಿಲೋಮೀಟರಿಗೆ ಸುಮಾರು 164 ನಿಮಿಷ ಬೇಕು. 24ರ ವೇಗದಲ್ಲಿ 150 ನಿಮಿಷ. ಅಂದರೆ ಉಳಿತಾಯ ಹದಿನಾಲ್ಕು ನಿಮಿಷ. ಇದಕ್ಕೆ ತೆರುವ ಬೆಲೆಯನ್ನೂ ನೋಡು: ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಶೇಕಡಾ 9ರಷ್ಟು ಹೆಚ್ಚಿದರೆ ಗಾಳಿಯ ವಿರುದ್ಧ ಪ್ರತಿ ನಿಮಿಷದ ದುಡಿಮೆ ಸುಮಾರು ಶೇಕಡಾ 30ರಷ್ಟು ಹೆಚ್ಚುತ್ತದೆ. ಹದಿನಾಲ್ಕು ನಿಮಿಷವನ್ನಾದರೋ ಒಂದೇ ನಿಲುಗಡೆಯಲ್ಲಿ, ಕುರ್ಚಿ ಸಿಕ್ಕಿತೆಂದು ಕುಳಿತು, ಯಾರಿಗೂ ತಿಳಿಯದಂತೆ ಕಳೆದುಬಿಡಬಹುದು.

ಇದನ್ನು ನಾನು ಕಾಗದದ ಮೇಲೆ ಕಲಿತದ್ದಲ್ಲ. ನನ್ನ ಮೊದಲ ಬ್ರೆವೆಯಲ್ಲಿ, ನನಗಿಂತ ಬಲಶಾಲಿಗಳಾದ ನಾಲ್ಕೈದು ಜನರ ಹಿಂಬದಿಗೆ ಅಂಟಿಕೊಂಡು, ಬೆಳಗಿನ ತಂಪಿನಲ್ಲಿ ಕಾಲುಗಳು ತಾವೇ ತಿರುಗುತ್ತಿವೆ ಎಂಬ ಭ್ರಮೆಯಲ್ಲಿ ಮೂರು ಗಂಟೆ ಓಡಿಸಿದೆ. ಹಸಿವಾಗಲಿಲ್ಲವೆಂದು ತಿನ್ನಲೂ ಇಲ್ಲ. 130ನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಏರು ಎಂದು ಕರೆಯಲೂ ಯೋಗ್ಯವಲ್ಲದ ಒಂದು ದಿಬ್ಬದ ಮೇಲೆ ಇಳಿದು ನಿಂತೆ. ಬಿಸ್ಕತ್ತಿನ ಪೊಟ್ಟಣದ ಅಂಚನ್ನು ಹರಿಯಲು ಬೆರಳುಗಳಲ್ಲಿ ಶಕ್ತಿಯಿರಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಡಿಸಿದಾಗ ಅರ್ಧ ಬಿಸ್ಕತ್ತು ಮಣ್ಣಿಗೆ ಬಿತ್ತು, ಅದನ್ನೂ ಎತ್ತಿಕೊಂಡು ತಿಂದೆ. ಬೆಳಿಗ್ಗೆ ನಾವು ಹಿಂದೆ ಹಾಕಿದ್ದ ಹಿರಿಯರೊಬ್ಬರು ಅದೇ ಹೊತ್ತಿಗೆ, ಬೆಳಗಿನ ಅದೇ ವೇಗದಲ್ಲಿ, ಏನೋ ಗುನುಗುತ್ತಾ ನನ್ನನ್ನು ದಾಟಿಹೋದರು.

ಕಾರಣ ಸರಳ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆ, ಸುಮಾರು 400ರಿಂದ 500 ಗ್ರಾಂ ಮಾತ್ರ. ನಿಧಾನವಾಗಿ ತುಳಿಯುವಾಗ ದೇಹವು ಕೊಬ್ಬನ್ನು ಹೆಚ್ಚು ಬಳಸಿಕೊಂಡು ಈ ಸಂಗ್ರಹವನ್ನು ಕಾಪಾಡುತ್ತದೆ. ವೇಗ ಹೆಚ್ಚಿಸಿದೆಯೋ, ಅದನ್ನೇ ಬಾಚಿ ಖರ್ಚು ಮಾಡುತ್ತದೆ. ಸಾಲದ್ದಕ್ಕೆ, ರಕ್ತವೆಲ್ಲ ಕಾಲುಗಳ ಕಡೆ ಹರಿಯುವಾಗ ಹೊಟ್ಟೆಯೂ ತಿಂದದ್ದನ್ನು ಸರಿಯಾಗಿ ಅರಗಿಸದು. ಆದ್ದರಿಂದ ಮೊದಲ ಮುಕ್ಕಾಲು ಗಂಟೆಯೊಳಗೇ ತಿನ್ನಲು ಆರಂಭಿಸಿ, ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುವಂತೆ ನೋಡಿಕೋ. ಹೊಟ್ಟೆಗೂ ಇದರ ಅಭ್ಯಾಸ ಬೇಕು. ವಾರಾಂತ್ಯದ ಸವಾರಿಗಳಲ್ಲಿ ತಿಂದು ನೋಡದ ಯಾವುದನ್ನೂ ಆ ದಿನ ಬಾಯಿಗೆ ಹಾಕಬೇಡ. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿದರೆ ಸಾಕು. ಬೆವರು ಹೆಚ್ಚಿದ್ದಾಗ ಉಪ್ಪೂ ಸೇರಲಿ, ಏಕೆಂದರೆ ಬರೀ ನೀರನ್ನೇ ಅತಿಯಾಗಿ ಕುಡಿದು ರಕ್ತದ ಸೋಡಿಯಂ ಇಳಿಸಿಕೊಳ್ಳುವುದು ನಿರ್ಜಲೀಕರಣದಷ್ಟೇ ಅಪಾಯಕಾರಿ.

ಹಾಗಾದರೆ ಸರಿಯಾದ ಗತಿ ಯಾವುದು ಎಂದು ಕೇಳುತ್ತೀ. ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ, ನಡುವೆ ಉಸಿರು ಕಟ್ಟದೆ ಮಾತನಾಡಲು ಸಾಧ್ಯವಾಗುವಷ್ಟು. ನಿನ್ನ ಕೈಗಡಿಯಾರ ತೋರಿಸುವ ಹೃದಯ ಬಡಿತವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಬಿಸಿಲೇರಿದಂತೆ ಅದೇ ಶ್ರಮಕ್ಕೂ ಬಡಿತ ಏರುತ್ತಾ ಹೋಗುತ್ತದೆ. ಮಾತಿನ ಪರೀಕ್ಷೆ ಹಾಗೆ ದಾರಿ ತಪ್ಪಿಸುವುದು ಕಡಿಮೆ. ಏರಿನಲ್ಲಾಗಲಿ ಎದುರುಗಾಳಿಯಲ್ಲಾಗಲಿ ವೇಗವನ್ನು ಹಿಡಿದಿಡಲು ಹೋಗಬೇಡ, ಶ್ರಮವನ್ನು ಹಿಡಿದಿಡು. ಗೇರ್ ಇಳಿಸಿ, ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗುವಂತಿದ್ದರೆ ಮೊಣಕಾಲುಗಳು ಸಂಜೆಯವರೆಗೆ ಜೊತೆಗಿರುತ್ತವೆ.

ಇನ್ನು ಪಟ್ಟಿಯ ವಿಷಯ. ನಿನ್ನ ವಾರಾಂತ್ಯದ ಉದ್ದ ಸವಾರಿ 60, 75, 90, 105 ಎಂದು ಬಿಡುವಿಲ್ಲದೆ ಏರುತ್ತಲೇ ಹೋಗಿದೆ. ಪ್ರತಿ ನಾಲ್ಕನೆಯ ವಾರ ಅದನ್ನು ಅರ್ಧಕ್ಕೆ ಇಳಿಸು, ಏಕೆಂದರೆ ಶಕ್ತಿ ಕೂಡುವುದು ತುಳಿಯುವಾಗಲ್ಲ, ತುಳಿದು ಮಲಗಿದ ಮೇಲೆ. ಬ್ರೆವೆಗೆ ಎರಡು ವಾರ ಮುಂಚೆ ಒಮ್ಮೆ 140 ಅಥವಾ 150 ಮುಗಿಸಿದ್ದರೆ ಸಾಕು, ಪೂರ್ತಿ 200 ಅನ್ನು ಮೊದಲೇ ಓಡಿಸಿ ನೋಡುವ ಅಗತ್ಯವಿಲ್ಲ. ವಾರದ ನಡುವಿನ ಸವಾರಿಗಳಲ್ಲಿ ಒಂದನ್ನು ಮಾತ್ರ ಕಠಿಣವಾಗಿಡು: ಹನ್ನೆರಡು ನಿಮಿಷಗಳಂತೆ ಮೂರು ಬಾರಿ, ಮಾತು ತುಂಡಾಗುವಷ್ಟು ಜೋರಾಗಿ. ಉಳಿದವೆಲ್ಲ ನಿನಗೆ ಬೇಸರವೆನಿಸುವಷ್ಟು ನಿಧಾನವಾಗಿರಲಿ. ಬೇಸರ ಸಹಿಸುವುದೂ ಈ ಆಟದ ಅಭ್ಯಾಸವೇ. ಕೊನೆಯ ಹತ್ತು ದಿನ ದೂರವನ್ನು ತಗ್ಗಿಸು. ಆ ಅವಧಿಯಲ್ಲಿ ಹೊಸ ಸೀಟು, ಹೊಸ ಶೂ, ಹೊಸ ಚಡ್ಡಿ ಯಾವುದೂ ಬೇಡ.

ಕಿರುಬೆರಳು ಜೋಮು ಹಿಡಿಯುತ್ತದೆ ಎಂದಿದ್ದೆಯಲ್ಲ, ಅದು ಅಂಗೈಯ ಅಂಚಿನ ನರದ ಮೇಲೆ ಬೀಳುವ ಒತ್ತಡ. ಹತ್ತು ನಿಮಿಷಕ್ಕೊಮ್ಮೆ ಹ್ಯಾಂಡಲ್ ಹಿಡಿಯುವ ಜಾಗ ಬದಲಿಸು. ಹಾಗೆ ಮಾಡಿಯೂ ಹೋಗದಿದ್ದರೆ ಸೀಟಿನ ಮೂತಿ ಕೆಳಗೆ ಬಾಗಿ ಭಾರವನ್ನೆಲ್ಲ ಕೈಗೆ ತಳ್ಳುತ್ತಿದೆಯೇ ಎಂದು ನೋಡು.

ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ 1200 ಕಿಲೋಮೀಟರಿನ ಕನಸನ್ನೂ ನೀನು ಹೇಳಿಕೊಂಡಿದ್ದೀಯ. 1891ರಲ್ಲಿ ಮೊದಲು ನಡೆದ, ಈಗ ನಾಲ್ಕು ವರ್ಷಕ್ಕೊಮ್ಮೆ ಬರುವ ಆ ಸವಾರಿಯ ಗರಿಷ್ಠ ಅವಧಿ 90 ಗಂಟೆ. ನಿದ್ದೆ, ಊಟ ಎಲ್ಲವೂ ಸೇರಿ ಸರಾಸರಿ ಗಂಟೆಗೆ 13 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅಲ್ಲಿಯೂ ಹೆಚ್ಚಿನವರು ಸಮಯ ಕಳೆದುಕೊಳ್ಳುವುದು ಪೆಡಲಿನ ಮೇಲಲ್ಲ, ನಿಲುಗಡೆಗಳಲ್ಲಿ ಎಂದೇ ನನ್ನ ಅಭಿಪ್ರಾಯ.

ಹಾಗಾಗಿ ಈ ಭಾನುವಾರದ 90 ಕಿಲೋಮೀಟರಿನಲ್ಲಿ ವೇಗವನ್ನು ಬರೆದುಕೊಳ್ಳಬೇಡ. ಎಲ್ಲೆಲ್ಲಿ ನಿಂತೆ, ಕಾಲು ನೆಲಕ್ಕೆ ಊರಿದಾಗ ಗಂಟೆ ಎಷ್ಟು, ಮತ್ತೆ ಹತ್ತಿದಾಗ ಎಷ್ಟು ಎಂಬುದನ್ನಷ್ಟೇ ಬರೆದು ನನಗೆ ಕಳುಹಿಸು.

ನಿನ್ನ ಅಮ್ಮ